ತೆಂಗಿನ ಮರದ ಕಚ್ಚು ಯಾಕೆ ಮುಚ್ಚುವುದಿಲ್ಲ?

ಕಾಪು_ತೋಟದಮನೆ:
ನಮ್ಮ ಹಿತ್ತಲಲ್ಲಿ ಅಜ್ಜನ ಕಾಲದ ಒಂದು ತೆಂಗಿನ ಮರ ಉಂಟು. ಹತ್ತಲಿಕ್ಕೆ ಅಂತ ಆಗ ಕತ್ತಿಯಲ್ಲಿ ಕಡಿದ ಕಚ್ಚುಗಳು ಬುಡದಿಂದ ಮೇಲಿನವರೆಗೆ ಹಾಗೇ ಇವೆ. ಪಕ್ಕದಲ್ಲೇ ಮಾವಿನ ಮರ. ಕರೆಂಟಿನ ತಂತಿಗೆ ತಾಗುತ್ತದೆ ಅಂತ ಅದರ ಒಂದು ದಪ್ಪ ಗೆಲ್ಲು ಕಡಿಸಿದ್ದೆವು. ಆ ಜಾಗದ ಸುತ್ತ ತೊಗಟೆ ಉಬ್ಬಿ ಬಂದು ಈಗ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದೆ.

ಮಗಳು ಒಂಬತ್ತನೇ ಕ್ಲಾಸ್. ಅಂಗಾಂಶಗಳ ಪಾಠ ನಡೆಯುತ್ತಾ ಉಂಟು. ಪೇರೆಂಕೈಮಾ, ಕೋಲೆಂಕೈಮಾ, ಸ್ಕ್ಲೀರೆಂಕೈಮಾ ಎಲ್ಲ ಬಾಯಿಪಾಠ ಬರುತ್ತದೆ. ಆದರೆ ಅವಳು ಕೇಳಿದ್ದು ಬೇರೆ: "ಎರಡೂ ಮರವೇ ಅಲ್ವಾ ಅಪ್ಪ? ಮಾವಿನದ್ದು ಮಾಯಿತು, ತೆಂಗಿನದ್ದು ಯಾಕೆ ಮಾಯಲಿಲ್ಲ?" ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬಾಟನಿ_ಟೀಚರ್_ಉಡುಪಿ:
ಬಹಳ ಒಳ್ಳೆಯ ಪ್ರಶ್ನೆ. ಇದರ ಉತ್ತರ ಅವಳ ಪಾಠದಲ್ಲೇ ಉಂಟು, ವರ್ಧನ ಅಂಗಾಂಶದ (ಒಡೆದು ಹೊಸ ಕೋಶ ಕೊಡುವ ಅಂಗಾಂಶದ) ಭಾಗದಲ್ಲಿ.

ಮೊದಲು ಒಂದು ವಿಷಯ ನೆನಪಿಡಬೇಕು. ಗಿಡದ ಜೀವಕೋಶ ಇದ್ದಲ್ಲಿಂದ ಅಲ್ಲಾಡುವುದಿಲ್ಲ. ಅದರ ಸುತ್ತ ಗಟ್ಟಿ ಕೋಶಭಿತ್ತಿ ಇರುತ್ತದೆ, ಪಕ್ಕದ ಕೋಶದ ಭಿತ್ತಿಗೆ ಅದು ಅಂಟಿಕೊಂಡಿರುತ್ತದೆ. ನಮ್ಮ ಚರ್ಮಕ್ಕೆ ಗಾಯ ಆದರೆ ಅಂಚಿನ ಕೋಶಗಳು ಗಾಯದ ಮೇಲೆ ತೆವಳಿಕೊಂಡು ಬರುತ್ತವೆ. ರಕ್ತದಿಂದಲೂ ಕೋಶಗಳು ಅಲ್ಲಿಗೆ ಬರುತ್ತವೆ. ಮರದಲ್ಲಿ ಹಾಗೆ ಬರುವವರು ಯಾರೂ ಇಲ್ಲ. ಗಾಯ ಮುಚ್ಚಬೇಕಾದರೆ ಅದೇ ಜಾಗದಲ್ಲಿ ಹೊಸ ಕೋಶ ಹುಟ್ಟಬೇಕು. ಅಂದರೆ ಒಡೆದು ಎರಡಾಗುವ ಶಕ್ತಿ ಇನ್ನೂ ಉಳಿಸಿಕೊಂಡ ಕೋಶಗಳು ಅಲ್ಲಿ ಇರಬೇಕು.

ಮಾವಿನ ಮರದಲ್ಲಿ ಅಂಥ ಕೋಶಗಳು ಇವೆ. ತೊಗಟೆಗೂ ಒಳಗಿನ ಮರಕ್ಕೂ ನಡುವೆ ಕೆಲವೇ ಕೋಶಗಳಷ್ಟು ದಪ್ಪದ ಒಂದು ಪದರ, ಕ್ಯಾಂಬಿಯಂ. ಚಿಗುರುವ ಕಾಲದಲ್ಲಿ ತೊಗಟೆ ಎಬ್ಬಿಸಿದರೆ ಸುಲಭವಾಗಿ ಕಳಚಿ ಬರುತ್ತದಲ್ಲ, ಕೈಗೆ ಒದ್ದೆ ಒದ್ದೆ, ಜಾರುವ ಹಾಗೆ ಸಿಗುತ್ತದಲ್ಲ, ಅದೇ ಜಾಗ. ಕ್ಯಾಂಬಿಯಂ ಒಳಗಡೆಗೆ ನೀರು ಏರಿಸುವ ಕ್ಸೈಲಂ ಕೊಡುತ್ತದೆ, ಹೊರಗಡೆಗೆ ಆಹಾರ ಸಾಗಿಸುವ ಫ್ಲೋಯಂ ಕೊಡುತ್ತದೆ. ಮರ ದಪ್ಪ ಆಗುವುದು ಹೀಗೆ. ಗೆಲ್ಲು ಕಡಿದಾಗ ಅಂಚಿನ ಕ್ಯಾಂಬಿಯಂ ಮತ್ತು ಅದರ ಅಕ್ಕಪಕ್ಕದ ಜೀವಂತ ಕೋಶಗಳು ಚುರುಕಾಗಿ ಒಡೆಯುತ್ತವೆ. ಮೆತ್ತನೆಯ ಹೊಸ ಕೋಶಗಳ ಒಂದು ಗುಂಪು ಏಳುತ್ತದೆ, ಅದು ಕ್ಯಾಲಸ್. ನೀವು ನೋಡಿದ ಉಬ್ಬು ಅದರಿಂದಲೇ ಬೆಳೆದದ್ದು. ವರ್ಷ ವರ್ಷವೂ ನಾಲ್ಕೂ ಕಡೆಯಿಂದ ಮುಂದೆ ಬಂದು ಗಾಯದ ಬಾಯಿ ಮುಚ್ಚುತ್ತದೆ.

ತೆಂಗಿಗೆ ಈ ಪದರವೇ ಇಲ್ಲ. ಕಡಿದ ತೆಂಗಿನ ಕಾಂಡದ ಅಡ್ಡ ಮುಖ ನೋಡಿ. ಉಂಗುರ ಕಾಣುವುದಿಲ್ಲ, ಮಾವಿನ ಹಾಗೆ ಬೇರೆಯಾಗಿ ಎಬ್ಬಿಸುವ ತೊಗಟೆಯೂ ಇಲ್ಲ. ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು. ಹೊರಗಡೆ ಒತ್ತೊತ್ತಾಗಿ, ನಡುವಿಗೆ ಹೋದ ಹಾಗೆ ವಿರಳವಾಗಿ. ಒಂದೊಂದು ಚುಕ್ಕಿಯೂ ಒಂದು ವಾಹಕ ಕಟ್ಟು. ಅದರೊಳಗೇ ನೀರು ಏರಿಸುವ ಕ್ಸೈಲಂ, ಆಹಾರ ಸಾಗಿಸುವ ಫ್ಲೋಯಂ, ಸುತ್ತ ಗಟ್ಟಿ ನಾರಿನ ಕವಚ. ಚುಕ್ಕಿಗಳ ನಡುವೆ ತುಂಬಿಕೊಂಡಿರುವ ಸಾದಾ ಅಂಗಾಂಶವೇ ಪೇರೆಂಕೈಮಾ. ಕಾಂಡ ಎಷ್ಟು ದಪ್ಪ ಆಗಬೇಕು ಅನ್ನುವುದು ಸುಳಿಯ ಕೆಳಗೇ ತೀರ್ಮಾನ ಆಗಿಬಿಡುತ್ತದೆ. ತೆಂಗಿನ ಸಸಿ ಮೊದಲ ಕೆಲವು ವರ್ಷ ಕಾಂಡವೇ ಎಬ್ಬಿಸದೆ ಬರೀ ಗರಿ ಬಿಡುತ್ತಾ ಕೂತಿರುವುದು ಅದಕ್ಕೇ. ಬುಡದ ಅಗಲ ಆಗ ತಯಾರಾಗುತ್ತದೆ. ಆಮೇಲೆ ಬೆಳವಣಿಗೆ ಮೇಲಕ್ಕೆ ಮಾತ್ರ.

ಹಾಗಾಗಿ ಅಜ್ಜನ ಕಾಲದ ಕಚ್ಚು ಮೊಮ್ಮಗಳ ಕಾಲಕ್ಕೂ ಹಾಗೇ ಇದೆ. ಸುತ್ತಲಿನ ಕೋಶಗಳು ಗಟ್ಟಿಯಾಗಿ, ಒಣಗಿ, ಆ ಜಾಗವನ್ನು ಒಳಗಿನಿಂದ ಬೇರೆ ಮಾಡಿಕೊಳ್ಳುತ್ತವೆ. ಅಷ್ಟೇ ಅದರ ಕೈಲಾಗುವುದು.

ಅಡಿಕೆ_ಬೆಳೆಗಾರ:
ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಅಡಿಕೆಗೂ ಇದೇ ಕತೆ. ನಮ್ಮಲ್ಲಿ ನೈರುತ್ಯ ಕಡೆಯ ಮಧ್ಯಾಹ್ನದ ಬಿಸಿಲು ನೇರ ಕಾಂಡಕ್ಕೆ ಹೊಡೆದರೆ ಅಲ್ಲಿ ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಬಿರುಕು. ಒಮ್ಮೆ ಸುಟ್ಟ ಭಾಗ ಮತ್ತೆ ಸರಿ ಆಗುವುದೇ ಇಲ್ಲ. ಒಂದೆರಡು ಮಳೆಗಾಲದ ಗಾಳಿಗೆ ಮರ ಅಲ್ಲಿಂದಲೇ ಮುರಿಯುತ್ತದೆ. ಅದಕ್ಕೇ ಆ ಬದಿಯ ಸಾಲಿಗೆ ಹಾಳೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು. ಚಿಕ್ಕಂದಿನಿಂದ ನೋಡಿದ ಕೆಲಸ ಇದು. ಇದರ ಹಿಂದೆ ಒಂದು ಪದರದ ಕೋಶ ಇಲ್ಲದಿರುವುದೇ ಕಾರಣ ಅಂತ ತಿಳಿದು ಖುಷಿ ಆಯಿತು.

ಇನ್ನೊಂದು. ತೆಂಗಿಗೆ ಬೆಳೆಯುವ ಜಾಗ ಅಂತ ಇರುವುದು ಸುಳಿ ಒಂದೇ. ಕುರುವಾಯಿ ದುಂಬಿ ಸುಳಿಯ ಎಳೆ ಗರಿ ಕೊರೆದರೆ ಗರಿ ಬಿಡಿಸಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ, ಮರ ಬದುಕುತ್ತದೆ. ಆದರೆ ಸುಳಿ ಕೊಳೆ ರೋಗ ಒಳಗಿನ ತುದಿಗೇ ಇಳಿದರೆ ಮರ ಹೋಯಿತು. ಪಕ್ಕದಿಂದ ಚಿಗುರಲಿಕ್ಕೆ ಬೇರೆ ಮೊಗ್ಗು ಎಲ್ಲಿದೆ?

ಬಾಟನಿ_ಟೀಚರ್_ಉಡುಪಿ:
ಹೌದು ಅಣ್ಣ. ಮಾವಿನ ತುದಿ ಕಡಿದರೆ ಕೆಳಗಿನ ಮೊಗ್ಗುಗಳು ಎದ್ದು ನಾಲ್ಕು ಗೆಲ್ಲು ಬರುತ್ತವೆ. ತೆಂಗಿನ ತುದಿಯ ವರ್ಧನ ಅಂಗಾಂಶ ಸತ್ತರೆ ಇಡೀ ಮರದಲ್ಲಿ ಅದರ ಕೆಲಸ ವಹಿಸಿಕೊಳ್ಳುವವರು ಇಲ್ಲ.

ಇನ್ನೊಂದು ವಿಷಯ ನನಗೆ ಯಾವಾಗಲೂ ಆಶ್ಚರ್ಯ ತರುತ್ತದೆ. ಮಾವಿನಲ್ಲಿ ಹಳೆಯ ಫ್ಲೋಯಂ ಸತ್ತ ಹಾಗೆ ಕ್ಯಾಂಬಿಯಂ ಹೊಸದು ಕೊಡುತ್ತಾ ಹೋಗುತ್ತದೆ. ತೆಂಗಿನಲ್ಲಿ ಹೊಸದು ಕೊಡುವವರು ಇಲ್ಲ. ಹಾಗಾದರೆ ಬುಡದ ಹತ್ತಿರದ ಫ್ಲೋಯಂ ಕೋಶ ಮರ ಚಿಕ್ಕದಿದ್ದಾಗ ಹುಟ್ಟಿದ್ದೇ ಆಗಬೇಕು. ಅದೇ ಇವತ್ತಿಗೂ ಜೀವ ಹಿಡಿದುಕೊಂಡು ಬೇರಿಗೆ ಸಕ್ಕರೆ ಇಳಿಸುತ್ತಾ ಇದೆ. ಅದೂ ಕೋಶಕೇಂದ್ರ ಇಲ್ಲದ ಕೋಶ! ಫ್ಲೋಯಂನ ಜರಡಿ ನಾಳದ ಕೋಶ ಬಲಿಯುವಾಗ ತನ್ನ ಕೋಶಕೇಂದ್ರ ಕಳೆದುಕೊಳ್ಳುತ್ತದೆ. ಪಕ್ಕದ ಸಂಗಾತಿ ಕೋಶ ಅದನ್ನು ನೋಡಿಕೊಳ್ಳುತ್ತದೆ. ಕಾಪುವಿನ ಆ ಹಳೆಯ ಮರದ ಬುಡದಲ್ಲಿ ಈ ಜೋಡಿ ದಶಕಗಳಿಂದ ಹೀಗೇ ಕೆಲಸ ಮಾಡುತ್ತಾ ಇದೆ. ತಾಳೆ ಜಾತಿಯ ಮರಗಳ ಕೋಶಗಳ ಆಯುಷ್ಯ ಅಷ್ಟು ದೊಡ್ಡದು.

ಒಂಬತ್ತನೇ_ಕ್ಲಾಸ್:
ನಾನೇ ಆ ಪ್ರಶ್ನೆ ಕೇಳಿದ್ದು ಟೀಚರ್. ಅಪ್ಪನ ಫೋನಿನಲ್ಲಿ ಓದುತ್ತಾ ಇದ್ದೇನೆ. ಇನ್ನೊಂದು ಡೌಟು. ಮಾವಿನ ಮರಕ್ಕೆ ಬಟ್ಟೆ ಹಗ್ಗ ಕಟ್ಟಲು ಒಂದು ಮೊಳೆ ಹೊಡೆದಿದ್ದಾರೆ. ಮರ ಎತ್ತರ ಆದ ಹಾಗೆ ಮೊಳೆಯೂ ಮೇಲೆ ಹೋಗುತ್ತದಾ?

ಬಾಟನಿ_ಟೀಚರ್_ಉಡುಪಿ:
ಹೋಗುವುದಿಲ್ಲ ಮಗಾ. ಎತ್ತರ ಬೆಳೆಯುವುದು ಗೆಲ್ಲುಗಳ ತುದಿಯಲ್ಲಿ ಮಾತ್ರ. ಮೊಳೆ ಇರುವ ಜಾಗದಲ್ಲಿ ಮರ ದಪ್ಪ ಆಗುತ್ತದೆ, ಹಾಗಾಗಿ ಮೊಳೆ ನಿಧಾನಕ್ಕೆ ಒಳಗೆ ಹೂತು ಹೋಗುತ್ತದೆ. ಎತ್ತರ ಅಷ್ಟೇ ಇರುತ್ತದೆ.

ಹಾಗೇ ಅಂಗಳದ ಹುಲ್ಲನ್ನೂ ನೋಡು. ದನ ಮೇಲಿಂದ ಮೇಯ್ದು ಹೋದರೂ ಮತ್ತೆ ಉದ್ದ ಬರುತ್ತದಲ್ಲ. ಹುಲ್ಲಿನ ಎಲೆಯ ಬುಡದಲ್ಲಿ, ಗಂಟಿನ ಹತ್ತಿರ ಒಡೆಯುವ ಕೋಶಗಳು ಇರುತ್ತವೆ. ದನ ತಿಂದದ್ದು ತುದಿ, ಕಾರ್ಖಾನೆ ಬುಡದಲ್ಲೇ ಉಳಿದಿದೆ. ನಿಮ್ಮ ಪಾಠದ ಅಂತರ್ವೇಶಿ ವರ್ಧನ ಅಂಗಾಂಶ ಇದೇ.

ರಬ್ಬರ್_ತೋಟ:
ಈಗ ಇರುವುದು ಮಂಗಳೂರಲ್ಲಿ, ತೋಟ ಬೆಳ್ತಂಗಡಿ ಕಡೆ. ಕ್ಯಾಂಬಿಯಂ ಅಂದಾಗ ಟ್ಯಾಪಿಂಗ್ (ತೊಗಟೆ ಕೆತ್ತಿ ರಬ್ಬರ್ ಹಾಲು ಇಳಿಸುವುದು) ಕಲಿಸಿದವರು ನೆನಪಾದರು. ರಬ್ಬರ್ ಹಾಲು ಇರುವುದು ತೊಗಟೆಯ ಒಳಭಾಗದ ಸಣ್ಣ ನಾಳಗಳಲ್ಲಿ. ಕತ್ತಿ ಅಲ್ಲಿಯವರೆಗೆ ಹೋಗಬೇಕು, ಅದಕ್ಕಿಂತ ಒಳಗೆ ಹೋಗಬಾರದು. ಮರ ಮುಟ್ಟುವ ಮೊದಲು ಸುಮಾರು 1 ಮಿ.ಮೀ. ತೊಗಟೆ ಬಿಡಬೇಕು. ಅಷ್ಟು ಬಿಟ್ಟರೆ ಸಿಪ್ಪೆ ತೆಗೆದ ಜಾಗದಲ್ಲಿ ಹೊಸ ತೊಗಟೆ ನುಣ್ಣಗೆ ಬರುತ್ತದೆ, ಕೆಲವು ವರ್ಷ ಬಿಟ್ಟು ಅದೇ ಮೈಯನ್ನು ಮತ್ತೆ ಟ್ಯಾಪ್ ಮಾಡಬಹುದು. ಕೈ ತಪ್ಪಿ ಆಳಕ್ಕೆ ಹೋದರೆ ಅಲ್ಲಿ ಗಂಟು ಗಂಟು. ಆ ಭಾಗದಲ್ಲಿ ಮತ್ತೆ ಕತ್ತಿ ಸರಿಯಾಗಿ ಓಡುವುದಿಲ್ಲ. ಒಳ್ಳೆಯ ಟ್ಯಾಪರ್ ಕೈ ಅಂದರೆ ಆ ಪದರವನ್ನು ಕಾಣದೆಯೇ ಉಳಿಸುವ ಕೈ ಮಾರಾಯ್ರೆ.

ಕದ್ರಿ_ನಿವಾಸಿ:
ನಮ್ಮ ರಸ್ತೆಯಲ್ಲಿ ಒಂದು ಮರದ ಸುತ್ತ ಯಾರೋ ಒಂದು ಗೇಣು ಅಗಲಕ್ಕೆ ತೊಗಟೆ ಕೆತ್ತಿ ತೆಗೆದಿದ್ದರು. ಎಲೆ ಹಸಿರಾಗಿಯೇ ಇತ್ತು, ಉಳಿಯಿತು ಅಂದುಕೊಂಡೆವು. ಆಮೇಲೆ ನಿಧಾನಕ್ಕೆ ಒಣಗಿ ಸತ್ತಿತು. ಅದು ಹೇಗೆ?

ಬಾಟನಿ_ಟೀಚರ್_ಉಡುಪಿ:
ನೋವಾಗುತ್ತದೆ ಇಂಥದ್ದು ಕೇಳಿದರೆ. ತೊಗಟೆ ಜೊತೆ ಫ್ಲೋಯಂ ಹೋಯಿತು, ಕ್ಸೈಲಂ ಒಳಗೆ ಉಳಿಯಿತು. ನೀರು ಮೇಲೆ ಹೋಗುತ್ತಿತ್ತು, ಅದಕ್ಕೇ ಎಲೆ ಹಸಿರು. ಎಲೆ ಮಾಡಿದ ಆಹಾರ ಮಾತ್ರ ಕೆಳಗೆ ಇಳಿಯಲಿಲ್ಲ. ಬೇರು ಕೂಡಿಟ್ಟ ಪಿಷ್ಟ ಇರುವಷ್ಟು ದಿನ ತಡೆದುಕೊಂಡಿತು, ಆಮೇಲೆ ಹಸಿವಿನಿಂದ ಸತ್ತಿತು. 17ನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಮಾಲ್ಪೀಗಿ ಹೀಗೆ ಉಂಗುರದ ಹಾಗೆ ತೊಗಟೆ ತೆಗೆದು ನೋಡಿದ್ದ. ಉಂಗುರದ ಮೇಲಿನ ಅಂಚು ಉಬ್ಬಿತು. ಇಳಿಯಬೇಕಾದ ಆಹಾರ ಅಲ್ಲಿ ತಡೆದು ನಿಂತಿತ್ತು.

ಸುತ್ತಲೂ ಪೂರ್ತಿ ಕೆತ್ತದೆ ಒಂದು ಪಟ್ಟಿ ಉಳಿದಿದ್ದರೂ ಮರ ಬದುಕುವ ಸಾಧ್ಯತೆ ಇರುತ್ತದೆ. ತೆಂಗಿನ ಹೊರಮೈ ಸುತ್ತ ಕಚ್ಚು ಹಾಕಿದರೂ ಅದು ಹೀಗೆ ಸಾಯುವುದಿಲ್ಲ, ಫ್ಲೋಯಂ ಕಾಂಡದ ತುಂಬ ಹರಡಿದೆ ಅಂತ ಮೇಲೆ ಹೇಳಿದೆನಲ್ಲ.

ಫಿಸಿಯೋ_ಮಂಗಳೂರು:
ತೋಟದ ಚರ್ಚೆಗೆ ಆಸ್ಪತ್ರೆ ಕಡೆಯಿಂದ ಬರುತ್ತಿದ್ದೇನೆ. ನನ್ನ ಹತ್ತಿರ ಬರುವವರೂ ಇದೇ ಪ್ರಶ್ನೆ ಕೇಳುತ್ತಾರೆ. "ಕಾಲು ಮುರಿದದ್ದು ಎರಡು ತಿಂಗಳಲ್ಲಿ ಕೂಡಿತು. ಮಂಡಿ ಸವೆದದ್ದು ಯಾಕೆ ವರ್ಷ ಆದರೂ ಸರಿ ಆಗುವುದಿಲ್ಲ?"

ಮೂಳೆ ನೋಡಲಿಕ್ಕೆ ಕಲ್ಲಿನ ಹಾಗೆ ಗಟ್ಟಿ ಇದ್ದರೂ ಒಳಗೆ ಜೀವ ತುಂಬಿದ ಅಂಗಾಂಶ. ಅದರ ಮೈಮೇಲೆ ಒಂದು ತೆಳು ಪೊರೆ ಇದೆ. ಅದರಲ್ಲಿ ಹೊಸ ಮೂಳೆ ಕೋಶಗಳಿಗೆ ಜನ್ಮ ಕೊಡುವ ಕೋಶಗಳಿವೆ. ರಕ್ತನಾಳಗಳು ಬೇಕಾದಷ್ಟಿವೆ. ಮುರಿದಾಗ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಮೃದ್ವಸ್ಥಿಯ (ಮೂಳೆಗಿಂತ ಮೆತ್ತಗಿರುವ, ಬಾಗುವ ಅಂಗಾಂಶ, ಕಾರ್ಟಿಲೇಜ್) ಒಂದು ಉಬ್ಬು ಎರಡೂ ತುಂಡನ್ನು ಹಿಡಿದುಕೊಳ್ಳುತ್ತದೆ. ಇದಕ್ಕೂ ಕ್ಯಾಲಸ್ ಅಂತಲೇ ಹೆಸರು. ಅದು ನಿಧಾನಕ್ಕೆ ಮೂಳೆ ಆಗುತ್ತದೆ. ಬಳಿಕ ತಿಂಗಳುಗಟ್ಟಲೆ ಹೆಚ್ಚಾದದ್ದನ್ನು ಕರಗಿಸಿ ಮೊದಲಿನ ಆಕಾರಕ್ಕೆ ತರುವ ಕೆಲಸ ನಡೆಯುತ್ತದೆ. ಬೇರೆ ಹಲವು ಅಂಗಾಂಶಗಳಲ್ಲಿ ಕಲೆ ಉಳಿಯುತ್ತದೆ, ಮೂಳೆ ಮೂಳೆಯಾಗಿಯೇ ಕೂಡುತ್ತದೆ.

ಮಂಡಿಯೊಳಗೆ ಎರಡು ಮೂಳೆಗಳ ತುದಿಗೆ ಹೊದಿಸಿದ ಹಾಗೆ ಇರುವುದು ಮೃದ್ವಸ್ಥಿ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಕೀಲಿನ ದ್ರವದಿಂದ ಇಳಿದು ಬಂದ ಪೋಷಕಾಂಶದಲ್ಲಿ ಅದರ ಕೋಶಗಳು ಬದುಕುತ್ತವೆ. ಗಾಯ ಆದರೆ ಅಲ್ಲಿ ರಕ್ತ ಬರುವುದಿಲ್ಲ, ರಿಪೇರಿಯ ಕೋಶಗಳೂ ಬರುವುದಿಲ್ಲ. ಒಳಗಿರುವ ಕೋಶಗಳು ಒಡೆಯುವುದೂ ತೀರಾ ಕಡಿಮೆ. ಹಾಗಾಗಿ ಮಂಡಿ ನೋವಿನವರಿಗೆ ನಾವು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳುವುದು, ತೂಕ ಇಳಿಸಿ ಅನ್ನುವುದು. ಉಳಿದಿರುವ ಮೃದ್ವಸ್ಥಿಯ ಮೇಲಿನ ಭಾರ ಕಡಿಮೆ ಆಗಲಿ ಅಂತ.

ಲ್ಯಾಬ್_ಅಕ್ಕ_ಮಣಿಪಾಲ:
ನಾನು ದಿನಾ ಇದನ್ನು ಸ್ಲೈಡಿನಲ್ಲಿ ನೋಡುವವಳು. ಮಕ್ಕಳು ಓದುತ್ತಾ ಇದ್ದಾರೆ, ಹಾಗಾಗಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಅಂಗಾಂಶದ ತುಂಡನ್ನು ಮೇಣದಲ್ಲಿ ಕೂರಿಸಿ 4-5 ಮೈಕ್ರಾನ್ ದಪ್ಪಕ್ಕೆ ಸೀಳುತ್ತೇವೆ. ಒಂದು ಮಿ.ಮೀ.ನಲ್ಲಿ ಅಂಥ 200-250 ಪದರ ಹಿಡಿಯುತ್ತದೆ. ಎರಡು ಬಣ್ಣ ಹಾಕುತ್ತೇವೆ. ಕೋಶಕೇಂದ್ರ ನೀಲಿ-ನೇರಳೆ ಆಗುತ್ತದೆ, ಕೋಶದ್ರವ್ಯ ಗುಲಾಬಿ. ಮೃದ್ವಸ್ಥಿಯ ಸ್ಲೈಡ್ ಇಟ್ಟರೆ ತಿಳಿ ನೀಲಿ ಬಯಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗೂಡು, ಗೂಡಿನಲ್ಲಿ ಒಂದೋ ಎರಡೋ ಕೋಶ. ಎಷ್ಟು ಸರಿಸಿದರೂ ಒಂದು ರಕ್ತನಾಳ ಸಿಗುವುದಿಲ್ಲ. ಮೂಳೆಯ ಸ್ಲೈಡಿನಲ್ಲಿ ನಡುವೆ ರಕ್ತನಾಳ ಹೋಗುವ ಕಾಲುವೆ, ಅದರ ಸುತ್ತ ಒಂದರ ಹೊರಗೆ ಒಂದು ಉಂಗುರ. ಪಕ್ಕ ಪಕ್ಕ ಇಟ್ಟು ನೋಡಿದರೆ ಫಿಸಿಯೋ ಹೇಳಿದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಚರ್ಮದ ಸ್ಲೈಡ್ ನನಗೆ ತುಂಬಾ ಇಷ್ಟ. ಅಡಿಯಲ್ಲಿ ಒಂದೇ ಸಾಲು ಕೋಶಗಳು, ದೊಡ್ಡ ಗಾಢ ಕೋಶಕೇಂದ್ರದವು. ಒಡೆಯುವುದು ಮುಖ್ಯವಾಗಿ ಅವೇ. ಹುಟ್ಟಿದ ಕೋಶ ಮೇಲೆ ಮೇಲೆ ತಳ್ಳಿಕೊಂಡು ಹೋಗುತ್ತದೆ, ಚಪ್ಪಟೆ ಆಗುತ್ತದೆ, ಕೋಶಕೇಂದ್ರ ಕಳೆದುಕೊಳ್ಳುತ್ತದೆ, ಮೇಲೆ ತಲುಪುವಾಗ ಸತ್ತ ಪೊರೆಯಾಗಿ ಉದುರುತ್ತದೆ. ಗೀರು ಈ ಮೇಲಿನ ಪದರದಲ್ಲೇ ನಿಂತರೆ ಗುರುತೂ ಉಳಿಯುವುದಿಲ್ಲ. ಕೆಳಗಿನ ಸಂಯೋಜಕ ಅಂಗಾಂಶದವರೆಗೆ ಆಳ ಹೋದರೆ ಅಲ್ಲಿ ಕೊಲಾಜೆನ್ ನಾರು ತುಂಬಿ ಕಲೆ ಆಗುತ್ತದೆ. ಆ ಕಲೆಯಲ್ಲಿ ಕೂದಲು ಬರುವುದಿಲ್ಲ, ಬೆವರೂ ಬರುವುದಿಲ್ಲ.

ಸುರತ್ಕಲ್_ಅಮ್ಮ:
ಹಲ್ಲಿನ ಹುಳುಕು ಯಾಕೆ ತನ್ನಷ್ಟಕ್ಕೆ ಮುಚ್ಚುವುದಿಲ್ಲ ಅಕ್ಕ? ಅದೂ ಮೂಳೆಯ ಹಾಗೆಯೇ ಅಲ್ವಾ?

ಲ್ಯಾಬ್_ಅಕ್ಕ_ಮಣಿಪಾಲ:
ಅಲ್ಲ ಅಮ್ಮ. ಹಲ್ಲಿನ ಮೇಲಿನ ಎನಾಮಲ್‌ನಲ್ಲಿ ಕೋಶವೇ ಇಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವಾಗಲೇ ನಾಶವಾಗಿರುತ್ತವೆ. ಶುರುವಿನಲ್ಲಿ ಖನಿಜ ಸ್ವಲ್ಪ ಕರಗಿ ಬಿಳಿ ಮಚ್ಚೆ ಆಗಿದ್ದರೆ ಎಂಜಲಿನ ಖನಿಜ ಮತ್ತು ಪೇಸ್ಟಿನ ಫ್ಲೋರೈಡ್‌ನಿಂದ ಮತ್ತೆ ಗಟ್ಟಿ ಆಗಬಹುದು. ತೂತು ಬಿದ್ದ ಮೇಲೆ ಡೆಂಟಿಸ್ಟ್ ಹತ್ತಿರ ಹೋಗಲೇಬೇಕು. ಕಾಪುವಿನ ತೆಂಗಿನ ಕಚ್ಚಿನದ್ದೇ ಸ್ಥಿತಿ.

ಮಲ್ಪೆ_ಹುಡುಗಿ:
ನಮ್ಮ ಕಡೆಯಿಂದ ಒಂದು. ಬಲೆಯಲ್ಲಿ ಬರುವ ಏಡಿಗಳಲ್ಲಿ ಒಂದು ಕೊಂಬು ದೊಡ್ಡದು, ಇನ್ನೊಂದು ತೀರಾ ಸಣ್ಣದು ಇರುವುದು ಸಿಗುತ್ತದೆ. ಮುರಿದು ಹೋದದ್ದು ಮತ್ತೆ ಬರುತ್ತಾ ಇರುವುದು ಅಂತ ಅಜ್ಜಿ ಹೇಳುತ್ತಿದ್ದರು. ಏಡಿಗೆ ಹೇಗೆ ಬರುತ್ತದೆ, ನಮಗೆ ಯಾಕೆ ಬರುವುದಿಲ್ಲ?

ಲ್ಯಾಬ್_ಅಕ್ಕ_ಮಣಿಪಾಲ:
ಅಜ್ಜಿ ಹೇಳಿದ್ದು ನಿಜ. ಏಡಿಯ ಕಾಲಿನ ಬುಡದಲ್ಲಿ ಮುರಿಯಲಿಕ್ಕೆ ಅಂತಲೇ ಒಂದು ಗೆರೆ ಇರುತ್ತದೆ. ವೈರಿ ಹಿಡಿದರೆ ಏಡಿಯೇ ಅಲ್ಲಿಂದ ಕಳಚಿ ಬಿಡುತ್ತದೆ. ಒಳಗೆ ಒಂದು ಪೊರೆ ಮುಚ್ಚಿಕೊಂಡು ರಕ್ತ ನಿಲ್ಲಿಸುತ್ತದೆ. ಆ ಜಾಗದಲ್ಲಿ ಕೋಶಗಳು ಒಡೆದು ಸಣ್ಣ ಮೊಗ್ಗು ಬೆಳೆಯುತ್ತದೆ. ಹೊಸ ಕಾಲು ಅದರೊಳಗೆ ಮಡಚಿಕೊಂಡಿರುತ್ತದೆ. ಏಡಿ ಚಿಪ್ಪು ಕಳಚುವಾಗ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಸಣ್ಣದು, ಮುಂದೆ ಚಿಪ್ಪು ಕಳಚಿದ ಹಾಗೆಲ್ಲ ದೊಡ್ಡದು.

ಹಲ್ಲಿಯ ಬಾಲವೂ ಬರುತ್ತದೆ, ಆದರೆ ಮೊದಲಿನ ಹಾಗೆ ಬರುವುದಿಲ್ಲ. ಹಳೆಯ ಬಾಲದಲ್ಲಿ ಬೆನ್ನುಮೂಳೆಯ ಮಣಿಗಳಿದ್ದವು. ಹೊಸದರಲ್ಲಿ ಮೃದ್ವಸ್ಥಿಯ ಒಂದು ಕೊಳವೆ ಮಾತ್ರ ಇರುತ್ತದೆ. ನಮ್ಮಲ್ಲಿ ಗಾಯ ಆದ ಕೂಡಲೇ ಕಲೆಯ ಅಂಗಾಂಶ ಬೇಗ ಬಂದು ತುಂಬುತ್ತದೆ. ಕೈಕಾಲು ಮತ್ತೆ ಕಟ್ಟುವ ಮೊಗ್ಗು ಏಳುವುದೇ ಇಲ್ಲ.

ಬಿಜೈ_ಓದುಗ:
ಏಳು ವರ್ಷಕ್ಕೊಮ್ಮೆ ದೇಹದ ಎಲ್ಲ ಕೋಶ ಹೊಸದಾಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಇಲ್ಲಿ ಹೇಳುವುದು ನೋಡಿದರೆ ಅದು ಸರಿ ಕಾಣುವುದಿಲ್ಲ.

ಲ್ಯಾಬ್_ಅಕ್ಕ_ಮಣಿಪಾಲ:
ಸರಿಯಲ್ಲ. ಒಂದೊಂದು ಅಂಗಾಂಶಕ್ಕೆ ಒಂದೊಂದು ಲೆಕ್ಕ. ಕರುಳಿನ ಒಳಪದರದ ಕೋಶ ನಾಲ್ಕೈದು ದಿನಕ್ಕೇ ಬದಲಾಗುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ. ಅದಕ್ಕೆ ಕೋಶಕೇಂದ್ರ ಇಲ್ಲ, ಹಾಗಾಗಿ ಒಡೆಯುವ ಪ್ರಶ್ನೆಯೇ ಇಲ್ಲ. ಮೂಳೆಯೊಳಗಿನ ಮಜ್ಜೆಯಿಂದ ಹೊಸದು ಬರಬೇಕು. (ಮಲ್ಪೆಯವರಿಗೆ: ಬಂಗುಡೆಯ ರಕ್ತ ಸ್ಲೈಡಿಗೆ ಹಾಕಿದರೆ ಅದರ ಕೆಂಪು ಕಣದಲ್ಲಿ ಕೋಶಕೇಂದ್ರ ಸ್ಪಷ್ಟ ಕಾಣುತ್ತದೆ. ಮೀನು, ಕಪ್ಪೆ, ಕೋಳಿಗೆಲ್ಲ ಹಾಗೇ. ಕಳೆದುಕೊಂಡದ್ದು ಸಸ್ತನಿಗಳು.) ಪಿತ್ತಜನಕಾಂಗ ಸಾಮಾನ್ಯ ದಿನಗಳಲ್ಲಿ ಸುಮ್ನೆ ಇರುತ್ತದೆ. ದಾನಕ್ಕೆ ಅಂತ ಅರ್ಧ ಕತ್ತರಿಸಿ ಕೊಟ್ಟರೆ ಉಳಿದ ಕೋಶಗಳು ಒಡೆದು ಕೆಲವು ತಿಂಗಳಲ್ಲಿ ಗಾತ್ರ ತುಂಬಿಕೊಳ್ಳುತ್ತವೆ.

ಮೆದುಳಿನ ನರಕೋಶ ಹೆಚ್ಚಿನವು ಹುಟ್ಟಿನಿಂದ ಕೊನೆಯವರೆಗೆ ಅವೇ. ಹೃದಯದ ಸ್ನಾಯು ಕೋಶದ ಲೆಕ್ಕ ಸಿಕ್ಕಿದ ರೀತಿ ಚೆನ್ನಾಗಿದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಕಾರ್ಬನ್-14 ಏರಿತ್ತು, ಆಮೇಲೆ ವರ್ಷ ವರ್ಷ ಇಳಿಯಿತು. ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆಯಾ ಕಾಲದ ಕಾರ್ಬನ್ ಸೇರುತ್ತದೆ. ಅದನ್ನು ಅಳೆದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಕೊಟ್ಟರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 1 ಶೇಕಡ ಹೃದಯ ಸ್ನಾಯು ಕೋಶ ಹೊಸದಾಗುತ್ತದೆ, 75ರಲ್ಲಿ ಅರ್ಧ ಶೇಕಡಕ್ಕಿಂತ ಕಡಿಮೆ. ಹಾರ್ಟ್ ಅಟ್ಯಾಕಿನಲ್ಲಿ ಸತ್ತ ಸ್ನಾಯುವಿನ ಜಾಗ ತುಂಬಲಿಕ್ಕೆ ಇದು ಏನೇನೂ ಸಾಲದು. ಅಲ್ಲಿ ಕಲೆ ಬೀಳುತ್ತದೆ, ಕಲೆ ಬಡಿದುಕೊಳ್ಳುವುದಿಲ್ಲ. ಎದೆನೋವು ಬಂದರೆ ಗ್ಯಾಸ್ಟ್ರಿಕ್ ಅಂತ ಕೂರಬೇಡಿ ಅಂತ ಡಾಕ್ಟರುಗಳು ಗೋಗರೆಯುವುದು ಇದಕ್ಕೇ.

ಫಿಸಿಯೋ_ಮಂಗಳೂರು:
ನರಕ್ಕೆ ಒಂದು ಮಾತು ಸೇರಿಸುತ್ತೇನೆ. ಕೈಕಾಲಿನ ನರ ತುಂಡಾಗಿ ಹೊಲಿದಿದ್ದರೆ, ಕೋಶದ ದೇಹ ಬದುಕಿದ್ದರೆ, ಅದರ ಉದ್ದ ಎಳೆ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮುಂಗೈಯಿಂದ ಬೆರಳ ತುದಿಗೆ ಸ್ಪರ್ಶ ಬರಲು ತಿಂಗಳುಗಳೇ ಬೇಕು. ಅಷ್ಟು ದಿನ ವ್ಯಾಯಾಮ ಬಿಡಬೇಡಿ ಅನ್ನುವುದು ಅದಕ್ಕೇ.

ಕಾಪು_ತೋಟದಮನೆ:
ಎಲ್ಲರಿಗೂ ಉಪಕಾರ. ಟೀಚರ್, ಕ್ಯಾಂಬಿಯಂ ಇಲ್ಲದಿದ್ದರೆ ತೆಂಗಿಗೆ ಕಸಿ ಸಹ ಆಗುವುದಿಲ್ಲ ಅಲ್ವಾ? ಮತ್ತೆ ನೇಂದ್ರ ಬಾಳೆಯ ಟಿಶ್ಯೂ ಕಲ್ಚರ್ ಗಿಡ ತಂದಿದ್ದೇನೆ. ಬಾಳೆಯೂ ತೆಂಗಿನ ಪೈಕಿಯೇ. ಅದನ್ನು ಹೇಗೆ ಮಾಡುತ್ತಾರೆ?

ಬಾಟನಿ_ಟೀಚರ್_ಉಡುಪಿ:
ಕಸಿ ನಿಲ್ಲುವುದು ಎರಡು ಗಿಡದ ಕ್ಯಾಂಬಿಯಂ ಒಂದಕ್ಕೊಂದು ತಾಗಿ ಕೂಡಿದರೆ. ಹಾಗಾಗಿ ಮಾವು, ಹಲಸಿಗೆ ಮಾಡುವ ಕಸಿ ತೆಂಗಿಗೆ ಆಗುವುದಿಲ್ಲ. ತೆಂಗು, ಬಾಳೆ, ಹುಲ್ಲಿನಂಥ ಏಕದಳ ಗಿಡಗಳಿಗೆ ಕಸಿಯೇ ಅಸಾಧ್ಯ ಅಂತ ಬಹಳ ಕಾಲ ನಂಬಿದ್ದರು. ಬೀಜದೊಳಗಿನ ಎಳೆ ಭ್ರೂಣದ ಹಂತದಲ್ಲೇ ಕೂಡಿಸಿದರೆ ಆಗುತ್ತದೆ ಅಂತ ಕೇಂಬ್ರಿಜ್‌ನವರು 2021ರ ಕೊನೆಗೆ ಗೋಧಿ, ಓಟ್ಸ್‌ನಂಥ ಗಿಡಗಳಲ್ಲಿ ತೋರಿಸಿದರು. ತೋಟಕ್ಕೆ ಬರಲು ಇನ್ನೂ ದೂರ ಉಂಟು.

ಬಾಳೆಯ ವಿಷಯಕ್ಕೆ ಬಂದರೆ, ಗಡ್ಡೆಯೊಳಗಿನ ಬೆಳೆಯುವ ತುದಿಯನ್ನು ಶುದ್ಧ ಮಾಡಿ, ಸಕ್ಕರೆ, ಲವಣ, ಹಾರ್ಮೋನ್ ಇರುವ ಜೆಲ್ಲಿಯಲ್ಲಿ ಬಾಟಲಿಯೊಳಗೆ ಇಡುತ್ತಾರೆ. ಒಂದು ತುದಿ ಹಲವು ಚಿಗುರು ಕೊಡುತ್ತದೆ. ಬಿಡಿಸಿ ಮತ್ತೆ ಇಡುತ್ತಾರೆ. ಕೊನೆಗೆ ಬೇರು ಬರಿಸಿ, ನೆರಳಲ್ಲಿ ಹದಗೊಳಿಸಿ ನಿಮಗೆ ಕೊಡುತ್ತಾರೆ.

ಇಲ್ಲಿ ತೆಂಗಿಗೆ ಒಂದು ದೊಡ್ಡ ಪಾತ್ರ ಉಂಟು. ಸೀಯಾಳದ ನೀರು ಅಂದರೆ ತೆಂಗಿನ ಭ್ರೂಣಕ್ಕಾಗಿ ಕೂಡಿಟ್ಟ ಆಹಾರ. ಎಳೆಯದಿರುವಾಗ ಅದರಲ್ಲಿ ಕೋಶಭಿತ್ತಿಯೇ ಇಲ್ಲದ ಬಿಡಿ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಬಲಿತ ಹಾಗೆ ಅವು ಗೆರಟೆಯ ಒಳಮೈಗೆ ಸೇರುತ್ತವೆ, ನಡುವೆ ಭಿತ್ತಿ ಬೀಳುತ್ತದೆ, ಮೊದಲು ಲೋಳೆಯ ಹಾಗಿನ ಗಂಜಿ, ಆಮೇಲೆ ಗಟ್ಟಿ ಕಾಯಿ. ಈ ನೀರಿನಲ್ಲಿ ಕೋಶ ಒಡೆಯಲು ಪ್ರೇರಣೆ ಕೊಡುವ ಸೈಟೊಕೈನಿನ್ ಹಾರ್ಮೋನ್ ಇದೆ. 1941ರಲ್ಲಿ ವ್ಯಾನ್ ಓವರ್‌ಬೀಕ್ ಅನ್ನುವವರು ದತ್ತೂರದ ಎಳೆ ಭ್ರೂಣಗಳನ್ನು ಈ ನೀರು ಹಾಕಿ ಬೆಳೆಸಿದರು. 1958ರಲ್ಲಿ ಸ್ಟೀವರ್ಡ್ ಮತ್ತು ಅವರ ಜೊತೆಗಾರರು ಕ್ಯಾರೆಟ್ಟಿನ ಬಲಿತ ಫ್ಲೋಯಂನಿಂದ ಕೋಶಗಳನ್ನು ತೆಗೆದು ಸೀಯಾಳದ ನೀರಿರುವ ದ್ರವದಲ್ಲಿ ಬೆಳೆಸಿ, ಅವುಗಳಿಂದ ಇಡೀ ಗಿಡ ಬರಿಸಿದರು. ಬಲಿತ ಸಸ್ಯಕೋಶ ಮತ್ತೆ ಎಳೆಯದಾಗಬಲ್ಲದು ಅಂತ ಲೋಕಕ್ಕೆ ಗೊತ್ತಾದದ್ದು ಹೀಗೆ. ತನ್ನ ಮೈಯ ಕಚ್ಚು ಮುಚ್ಚಲಾರದ ಮರದ ಕಾಯಿಯ ನೀರು ಇದನ್ನು ಮಾಡಿಸಿತು. ನನಗೆ ಇದನ್ನು ಪಾಠ ಮಾಡುವಾಗ ಪ್ರತಿ ಸಲವೂ ಸಂತೋಷ ಆಗುತ್ತದೆ.

ಅಡಿಕೆ_ಬೆಳೆಗಾರ:
ಕಾಪು ಅಣ್ಣ, ಒಂದು ಕಿವಿಮಾತು. ಇನ್ನು ಹೊಸ ಮರಗಳಿಗೆ ಕಚ್ಚು ಹಾಕಿಸಬೇಡಿ. ತೆರೆದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. ಕಾಂಡ ಸೋರುವ ರೋಗದ ಶಿಲೀಂಧ್ರವೂ ಬಿರುಕಿನಿಂದಲೇ ಒಳಗೆ ಹೋಗುವುದು. ಹತ್ತುವ ಮೆಶಿನ್ ತಗೊಳ್ಳಿ. ಎಲ್ಲಾದರೂ ಹೊಸ ಗಾಯ ಆಗಿದ್ದರೆ ಕೂಡಲೇ ಡಾಂಬರು ಬಳಿಯಿರಿ.

ಒಂಬತ್ತನೇ_ಕ್ಲಾಸ್:
ಟೀಚರ್, ಕೋಶ ಒಡೆಯುವುದನ್ನು ನಾವು ಕಣ್ಣಲ್ಲೇ ನೋಡಬಹುದಾ?

ಬಾಟನಿ_ಟೀಚರ್_ಉಡುಪಿ:
ಖಂಡಿತ ನೋಡಬಹುದು. ಒಂದು ನೀರುಳ್ಳಿಯ ಹಳೆಯ ಬೇರು ಕೆರೆದು, ಲೋಟದ ಬಾಯಿ ಮೇಲೆ ಬುಡ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸು. ನೀರು ದಿನಾ ಬದಲಿಸು. ಬಿಳಿ ಬೇರು ಎರಡು ಸೆಂ.ಮೀ. ಬಂದಾಗ ಬೆಳಿಗ್ಗೆ ಹೊತ್ತಿನಲ್ಲಿ ಬೇರಿನ ತುದಿ ಕತ್ತರಿಸಿಕೊಂಡು ಶಾಲೆಯ ಲ್ಯಾಬಿಗೆ ಹೋಗು. ಉಳಿದದ್ದು ನಿಮ್ಮ ಸೈನ್ಸ್ ಟೀಚರ್ ಎದುರೇ ಮಾಡಬೇಕು, ಆಸಿಡ್ ಬಳಸುವ ಕೆಲಸ.

ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್ ಮಿಶ್ರಣದಲ್ಲಿ ತುದಿಗಳನ್ನು ಒಂದು ದಿನ ಇಡುತ್ತಾರೆ. ಆಗ ಕೋಶಗಳು ಇದ್ದ ಹಂತದಲ್ಲೇ ನಿಲ್ಲುತ್ತವೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಕೋಶಗಳ ನಡುವಿನ ಅಂಟು ಸಡಿಲ ಆಗುತ್ತದೆ. ಅಸಿಟೋಕಾರ್ಮಿನ್ ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು, ಮೇಲೆ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕು. ಅಡ್ಡಕ್ಕೆ ಜಾರಿಸಬಾರದು.

ಮೊದಲು 100 ಪಟ್ಟಿನಲ್ಲಿ ಚೌಕ ಚೌಕ ಕೋಶಗಳಿರುವ ಜಾಗ ಹುಡುಕು. ಉದ್ದ ಕೋಶಗಳು ಕಂಡರೆ ನೀನು ತುದಿಯಿಂದ ಮೇಲೆ ಹೋಗಿದ್ದೀಯ, ಅಲ್ಲಿ ಒಡೆಯುವುದು ಮುಗಿದಿದೆ. ಚೌಕ ಸಿಕ್ಕಿದ ಮೇಲೆ 400 ಪಟ್ಟಿಗೆ ಬಾ. ಹೆಚ್ಚಿನವುಗಳಲ್ಲಿ ಕೋಶಕೇಂದ್ರ ಉಂಡೆಯಾಗಿಯೇ ಕಾಣುತ್ತದೆ. ತಾಳ್ಮೆಯಿಂದ ಸರಿಸುತ್ತಾ ಹೋದರೆ ಕೆಂಪು ದಾರದ ತುಂಡುಗಳು ನಡುವೆ ಸಾಲಾಗಿ ನಿಂತದ್ದು ಒಂದು ಕಡೆ, ಎರಡು ಗುಂಪಾಗಿ ದೂರ ಸರಿಯುತ್ತಿರುವುದು ಇನ್ನೊಂದು ಕಡೆ ಸಿಗುತ್ತದೆ. ಆ ದಾರದ ತುಂಡುಗಳೇ ಕ್ರೋಮೋಸೋಮು, ನೀರುಳ್ಳಿಗೆ ಅವು 16. ಚೆನ್ನಾಗಿ ಹರಡಿದ ಕೋಶ ಸಿಕ್ಕಿದರೆ ಎಣಿಸಲೂ ಆಗುತ್ತದೆ. ಕಂಡದ್ದನ್ನು ಚಿತ್ರ ಬಿಡಿಸಿ ಇಲ್ಲೇ ಹಾಕು, ಯಾವ ಹಂತ ಅಂತ ಒಟ್ಟಿಗೆ ನೋಡೋಣ.